ಶೋಧನೆಯನ್ನು ಗೆಲ್ಲುವುದು ಶಿಸ್ತೋ, ಪ್ರೀತಿಯೋ?

ಯಾತ್ರಿಕ:
ಉಪವಾಸ, ಪ್ರಾರ್ಥನೆ ಮತ್ತು ಕಟ್ಟುನಿಟ್ಟಾದ ನಿಯಮಗಳಿದ್ದರೆ ಶೋಧನೆಯನ್ನು, ಅಂದರೆ ಪಾಪಕ್ಕೆಳೆಯುವ ಲೋಕದ ಆಶೆಗಳನ್ನು, ಜಯಿಸಬಹುದೆಂದು ನಾನು ಬಹುಕಾಲ ನಂಬಿದ್ದೆ. ಮೊಬೈಲಿನಲ್ಲಿ ಹಣ ಕಟ್ಟಿ ಆಡುವ ಚಟ ನನಗಿತ್ತು. ಸಂಜೆ ಮೊಣಕಾಲೂರಿ ಅತ್ತು ಆ್ಯಪ್ ಅಳಿಸಿದರೂ ನಡುರಾತ್ರಿ ಕೈ ದಿಂಬಿನ ಕೆಳಗೆ ಫೋನಿಗಾಗಿ ತಡಕಾಡುತ್ತಿತ್ತು, ಬೆಳಗಾಗುವಷ್ಟರಲ್ಲಿ ಅದೇ ಆ್ಯಪ್ ಮರಳಿ ಬಂದಿರುತ್ತಿತ್ತು. ಗುಡಿಸಿ ಓರಣಗೊಳಿಸಿದ್ದರೂ ಬರಿದಾಗಿದ್ದ ಮನೆಗೆ ದೆವ್ವವು ತನಗಿಂತ ಕೆಟ್ಟ ಏಳು ದೆವ್ವಗಳನ್ನು ಕರೆತರುತ್ತದೆಂದು ಮತ್ತಾಯನ ಸುವಾರ್ತೆಯ 12ನೆಯ ಅಧ್ಯಾಯದಲ್ಲಿ ಯೇಸುಸ್ವಾಮಿ ಹೇಳಿದ್ದು ನನ್ನ ಕಥೆಯೇ ಆಗಿತ್ತು. ಆ ಮನೆಯನ್ನು ತುಂಬಬಲ್ಲದ್ದು ಪ್ರೀತಿಯೇ ಹೊರತು ನಿಯಮವಲ್ಲವೆಂದು ನನಗೀಗ ಅನ್ನಿಸುತ್ತದೆ. ತಾವು ಏನೆನ್ನುತ್ತೀರಿ?

ಕಾವಲುಗಾರ:
ತಮ್ಮ ನೋವು ಅರ್ಥವಾಗುತ್ತದೆ ಸಹೋದರರೇ, ಆದರೆ ಶಿಸ್ತನ್ನು ಇಷ್ಟು ಸುಲಭವಾಗಿ ಪಕ್ಕಕ್ಕಿಡುವುದನ್ನು ನಾನು ಒಪ್ಪಲಾರೆ. ಆದಿಕಾಂಡದಲ್ಲಿ ಒಡೆಯ ಪೋಟೀಫರನ ಹೆಂಡತಿ ಮೋಹದಿಂದ ಬಟ್ಟೆ ಹಿಡಿದೆಳೆದಾಗ, ಆ ಮನೆಯ ದಾಸನಾಗಿದ್ದ ಯೋಸೇಫನು ತನ್ನೊಳಗೆ ಪ್ರೀತಿ ಎಷ್ಟಿದೆಯೆಂದು ಅಳೆಯುತ್ತ ನಿಲ್ಲದೆ, ಬಟ್ಟೆಯನ್ನು ಅವಳ ಕೈಯಲ್ಲೇ ಬಿಟ್ಟು ಓಡಿಹೋದನು. ಫೋನು ದಿಂಬಿನ ಕೆಳಗೆ ಏಕಿರಬೇಕು?

ಸಾಸಿವೆಕಾಳು:
ಓಡುವ ಮುನ್ನ ಯೋಸೇಫನು ಆಡಿದ ಮಾತನ್ನೂ ಗಮನಿಸಬೇಕು. ಎಲ್ಲವನ್ನೂ ತನ್ನ ವಶಕ್ಕೆ ಒಪ್ಪಿಸಿ ನಂಬಿರುವ ಒಡೆಯನಿಗೆ ದ್ರೋಹ ಬಗೆದು, ದೇವರಿಗೆ ವಿರುದ್ಧವಾಗಿ ಹೇಗೆ ಪಾಪಮಾಡಲಿ ಎಂದು ಅವನು ಕೇಳುತ್ತಾನೆ. ಕಾಲು ಓಡಿದ್ದು ಆಮೇಲೆ. ಮನಸ್ಸು ಯಾರ ಕಡೆಗಿದೆಯೆಂಬುದು ಅದಕ್ಕೆ ಮೊದಲೇ ತೀರ್ಮಾನವಾಗಿತ್ತು.

ಇನ್ನು ಯೇಸುಸ್ವಾಮಿಯ ಶೋಧನೆಯನ್ನೇ ನೋಡೋಣ. 40 ದಿನಗಳ ಉಪವಾಸದ ಬಳಿಕ ಸೈತಾನನ ಮೂರು ಪ್ರಶ್ನೆಗಳಿಗೂ ಆತನು ಹಳೆಯ ಒಡಂಬಡಿಕೆಯ ಧರ್ಮೋಪದೇಶಕಾಂಡದಿಂದಲೇ ಉತ್ತರಿಸುತ್ತಾನೆ, ಅವುಗಳಲ್ಲಿ ಎರಡು ಉತ್ತರಗಳು 6ನೆಯ ಅಧ್ಯಾಯದವು. ನಿನ್ನ ದೇವರನ್ನು ಪೂರ್ಣಹೃದಯದಿಂದ ಪ್ರೀತಿಸಬೇಕೆಂಬ ಆಜ್ಞೆಯಿರುವುದೂ ಅದೇ ಅಧ್ಯಾಯದಲ್ಲಿ. ಬಾಯಿಪಾಠದ ವಚನಗಳನ್ನು ಮಂತ್ರದಂತೆ ಎಸೆದು ಆತನು ಗೆದ್ದನೆಂದು ನನಗೆ ಎಂದೂ ಅನ್ನಿಸಿಲ್ಲ. ತಂದೆಯ ಪ್ರೀತಿಯಲ್ಲಿ ನೆಲೆನಿಂತಿದ್ದ ಮಗನ ಬಾಯಲ್ಲಿ ಆ ವಚನಗಳು ತಾವಾಗಿ ಬಂದವು.

ಓದುಗ:
ನನ್ನದೊಂದು ಸಂದೇಹ. ದೇವರು ಲೋಕವನ್ನು ಪ್ರೀತಿಸಿದನೆಂದು ಯೋಹಾನನ ಸುವಾರ್ತೆ (3:16) ಹೇಳುತ್ತದೆ, ಲೋಕವನ್ನು ಪ್ರೀತಿಸಬೇಡಿರೆಂದು ಯೋಹಾನನ ಮೊದಲ ಪತ್ರಿಕೆ (1 ಯೋಹಾನ 2:15) ಹೇಳುತ್ತದೆ. ಇವೆರಡನ್ನೂ ಹೇಗೆ ಹೊಂದಿಸುವುದು?

ಸಾಸಿವೆಕಾಳು:
ಗ್ರೀಕಿನಲ್ಲಿ ಎರಡೂ ಕಡೆ ‘ಕೊಸ್ಮೊಸ್’ ಎಂಬ ಪದವೇ ಇದೆ. ಆದರೆ ಯಾವ ಲೋಕವನ್ನು ಪ್ರೀತಿಸಬಾರದೆಂಬುದನ್ನು ಪತ್ರಿಕೆಯ ಮುಂದಿನ ವಚನವೇ ಬಿಡಿಸಿ ಹೇಳುತ್ತದೆ: ಶರೀರದಾಶೆ, ಕಣ್ಣಿನಾಶೆ, ಬದುಕುಬಾಳಿನ ಡಂಬ. ಅಂದರೆ ಜನರನ್ನಲ್ಲ, ಕಸಿದುಕೊಳ್ಳುವ ಹಂಬಲವನ್ನು. ಕೊರತೆಯಲ್ಲಿರುವ ಸಹೋದರನನ್ನು ಕಂಡೂ ಮರುಗದವನಲ್ಲಿ ದೇವರ ಪ್ರೀತಿ ನೆಲೆಸುವುದು ಹೇಗೆಂದು ಅದೇ ಪತ್ರಿಕೆ 3ನೆಯ ಅಧ್ಯಾಯದಲ್ಲಿ ಕೇಳುತ್ತದೆ.

ಕಾವಲುಗಾರ:
ಇದನ್ನು ಒಪ್ಪುತ್ತೇನೆ. ಆದರೂ ಪ್ರೀತಿ ಬಂದೊಡನೆ ಹೋರಾಟ ಮುಗಿಯಿತೆಂದು ಯಾರೂ ತಿಳಿಯಬಾರದು. ಕ್ರಿ.ಶ. 386ರಲ್ಲಿ ಮಿಲಾನಿನ ತೋಟವೊಂದರಲ್ಲಿ, ಪೌಲನು ರೋಮಾಪುರದವರಿಗೆ ಬರೆದ ಪತ್ರಿಕೆಯನ್ನು ಓದಿ ಬದಲಾದ ಕ್ರೈಸ್ತ ಚಿಂತಕ ಅಗಸ್ಟೀನನು, ಹತ್ತಕ್ಕೂ ಹೆಚ್ಚು ವರ್ಷಗಳ ಮೇಲೆ, ಬಿಷಪನಾಗಿದ್ದಾಗ, ಹಳೆಯ ಆಶೆಗಳು ಕನಸಿನಲ್ಲಿ ಇನ್ನೂ ಕಾಡುತ್ತಿವೆಯೆಂದು ಮುಚ್ಚುಮರೆಯಿಲ್ಲದೆ ಬರೆದುಕೊಂಡನು. ಅಂಥವನಿಗೇ ಹಾಗಿದ್ದ ಮೇಲೆ ನಮಗೆ ಕಾವಲು ಬೇಡವೇ?

ಯಾತ್ರಿಕ:
ಬೇಕು, ನನ್ನ ಮಾತನ್ನು ತಿದ್ದಿಕೊಳ್ಳುತ್ತೇನೆ. ಫೋನು ಈಗ ರಾತ್ರಿ ಹಜಾರದ ಕಪಾಟಿನಲ್ಲಿರುತ್ತದೆ. ಆದರೆ ಅದನ್ನು ಅಲ್ಲಿಡುವ ಮನಸ್ಸು ಬಂದದ್ದು ನಮ್ಮ ಸಭೆಯ ಹಿರಿಯರೊಬ್ಬರಿಂದ. ಅವರು ದಿನವೂ ರಾತ್ರಿ ಹತ್ತಕ್ಕೆ ಕರೆಮಾಡಿ ಮೊದಲು ಊಟವಾಯಿತೇ ಎಂದು ವಿಚಾರಿಸುತ್ತಾರೆ, ಆಟದ ಮಾತನ್ನು ಆಮೇಲೆಯೇ ಎತ್ತುತ್ತಾರೆ. ಮೊದಲ ತಿಂಗಳಿನಲ್ಲಿ ನಾನು ಅವರಿಗೆ ಎರಡು ಸಲ ಸುಳ್ಳು ಹೇಳಿದೆ. ಅದು ಸುಳ್ಳೆಂದು ಅವರಿಗೆ ತಿಳಿದಿತ್ತು. ಎರಡು ಸಲವೂ ಮರುದಿನ ಹತ್ತಕ್ಕೆ ಸರಿಯಾಗಿ ಕರೆ ಬಂತು.