ಪದಚರ್ಚೆ: ಕಾರಿನ ವೂಫರ್ ಪೆಟ್ಟಿಗೆಯ ‘ಟ್ಯೂನಿಂಗ್’ಗೆ ಏನಂತೀರಿ?

ನಮಸ್ಕಾರ ಎಲ್ಲರಿಗೂ.

ಕಾರಿನ ಡಿಕ್ಕಿಯಲ್ಲಿ ಕೂರಿಸುವ ಸಬ್‌ವೂಫರ್ (ಬೇಸ್, ಅಂದರೆ ತೀರಾ ಕೆಳಗಿನ ಸದ್ದು ಕೊಡುವ ಸ್ಪೀಕರ್) ಬಗ್ಗೆ ಕನ್ನಡದಲ್ಲಿ ಒಂದು ಹಾಳೆ ಬರೆಯಬೇಕಾಗಿದೆ. ದಾವಣಗೆರೆಯಲ್ಲಿ ಗೆಳೆಯನ ಅಂಗಡಿ ಇದೆ, ವೂಫರ್ ಹಾಕಿಸಿಕೊಂಡವರ ಕೈಗೆ ಅದನ್ನು ಕೊಡುತ್ತಾನಂತೆ. ಓದುವವರು ಕಾರಿನ ಮಾಲೀಕರು, ಡ್ರೈವರ್‌ಗಳು, ಅಂಗಡಿಗೆ ಹೊಸದಾಗಿ ಸೇರಿದ ಹುಡುಗರು. ಹಾಗಾಗಿ ‘ಮಂದ್ರಧ್ವನಿ ಪ್ರಸಾರಕ’ದಂಥ ಪದ ದಯವಿಟ್ಟು ಬೇಡ, ಮೊದಲೇ ಹೇಳಿಬಿಡುತ್ತೇನೆ. ವೂಫರ್ ವೂಫರ್ ಆಗಿಯೇ ಇರಲಿ. ಇಂಗ್ಲಿಷಿನಲ್ಲೂ ಅದೇನು ಘನವಾದ ಪದ ಅಲ್ಲ. ನಾಯಿಯ ‘ವೂಫ್’ ಅನ್ನುವ ಬೊಗಳಿನಿಂದ ಬಂದದ್ದು. ಸಣ್ಣ ಸ್ಪೀಕರಿಗೆ ಹಕ್ಕಿಯ ಚಿಲಿಪಿಲಿಯಿಂದ ಟ್ವೀಟರ್ ಅಂತ ಹೆಸರಾಯಿತು.

ನನ್ನ ತೊಡಕು ಇರುವುದು ‘ಟ್ಯೂನಿಂಗ್’ ಅನ್ನುವ ಒಂದು ಪದದಲ್ಲಿ. ಅಂಗಡಿಗೆ ವಾಪಸ್ ಬರುವವರು ಎಲ್ಲರೂ ಹೇಳುವುದು ಒಂದೇ, ‘ಅಣ್ಣಾ, ಟ್ಯೂನಿಂಗ್ ಸರಿ ಇಲ್ಲ, ಒಂಚೂರು ನೋಡು’. ಇನ್ನು ಕೆಲವರು ‘ಸೆಟ್ಟಿಂಗ್’ ಅಂತಾರೆ. ಆದರೆ ಅದರ ಹಿಂದೆ ಮೂರು ಬೇರೆ ಬೇರೆ ಕೆಲಸ ಇವೆ: ಪೆಟ್ಟಿಗೆಯನ್ನು ಇಂಥ ಕಂಪನಾಂಕಕ್ಕೆ (ಸದ್ದು ಸೆಕೆಂಡಿಗೆ ಎಷ್ಟು ಸಲ ಅದುರುತ್ತೆ ಅನ್ನುವ ಲೆಕ್ಕ, ಅಳೆಯುವುದು ಹರ್ಟ್ಸ್‌ನಲ್ಲಿ) ಅಂತ ಕಟ್ಟುವುದು, ಫಿಲ್ಟರ್ ಎಲ್ಲಿ ಕತ್ತರಿಸಬೇಕು ಅಂತ ಗುಬುಟು ತಿರುಗಿಸುವುದು, ಆಂಪ್ಲಿಫೈಯರಿನ ಗೇನ್ (ಒಳಗೆ ಬಂದ ಸಿಗ್ನಲನ್ನು ಎಷ್ಟು ಹಿಗ್ಗಿಸಬೇಕು ಅನ್ನುವುದು) ಹೊಂದಿಸುವುದು. ಮೊದಲನೆಯದನ್ನು ಮಾಡುವವನು ಬಡಗಿ, ಗರಗಸ ಇಲ್ಲದೆ ಅದು ಬದಲಾಗುವುದಿಲ್ಲ. ಉಳಿದ ಎರಡು ಸ್ಕ್ರೂಡ್ರೈವರಿನ ಕೆಲಸ. ಮೂರಕ್ಕೂ ಒಂದೇ ಹೆಸರಿದ್ದರೆ ಏನಾಗುತ್ತೆ ಗೊತ್ತಾ? ಪೆಟ್ಟಿಗೆಯ ದೋಷವನ್ನು ಗೇನ್ ತಿರುಗಿಸಿ ಸರಿ ಮಾಡೋಕೆ ಹೋಗುತ್ತಾರೆ, ವೂಫರಿನ ಕಾಯಿಲ್ (ಒಳಗಿನ ತಂತಿಯ ಸುರುಳಿ) ಸುಟ್ಟ ವಾಸನೆ ಬರುತ್ತೆ. ಇದು ಬರೀ ಭಾಷೆಯ ಮಡಿವಂತಿಕೆಯ ಪ್ರಶ್ನೆ ಅಲ್ಲ, ಮೂರಕ್ಕೂ ಮೂರು ಪದ ನಿಜಕ್ಕೂ ಬೇಕು.

ಪೆಟ್ಟಿಗೆಯಿಂದ ಶುರು ಮಾಡುತ್ತೇನೆ. ಅದರಲ್ಲಿ ಎರಡು ಬಗೆ, ಪೂರ್ತಿ ಮುಚ್ಚಿದ್ದು ಮತ್ತು ಪೈಪ್ ಕೂರಿಸಿ ಬಾಯಿ ಬಿಟ್ಟದ್ದು. ಬಾಯಿ ಇರುವ ಪೆಟ್ಟಿಗೆಗೆ ತನ್ನದೇ ಆದ ಒಂದು ಸ್ವರ ಇರುತ್ತೆ. ಒಳಗಿನ ಗಾಳಿ ಸ್ಪ್ರಿಂಗಿನ ಕೆಲಸ ಮಾಡುತ್ತೆ, ಪೈಪಿನೊಳಗಿನ ಗಾಳಿ ಅದಕ್ಕೆ ತೂಕ. ಎರಡೂ ಸೇರಿ ಯಾವುದೋ ಒಂದು ಕಂಪನಾಂಕದಲ್ಲಿ ಜೋರಾಗಿ ತುಯ್ಯುತ್ತವೆ. ಆ ಜಾಗದಲ್ಲಿ ವೂಫರಿನ ಕೋನ್ (ಹಿಂದೆ ಮುಂದೆ ಆಡಿ ಸದ್ದು ಹುಟ್ಟಿಸುವ ಭಾಗ) ಬಹಳ ಕಡಿಮೆ ಅಲ್ಲಾಡುತ್ತೆ, ಸದ್ದೆಲ್ಲ ಹೆಚ್ಚುಕಡಿಮೆ ಪೈಪಿನಿಂದಲೇ ಬರುತ್ತೆ. ಬಾಯಿ ಇರುವ ಪಾತ್ರೆಯ ಈ ಗುಣವನ್ನು 19ನೇ ಶತಮಾನದಲ್ಲಿ ಜರ್ಮನಿಯ ಹೆಲ್ಮ್‌ಹೋಲ್ಟ್ಸ್ ವಿವರಿಸಿದರು. ಅದನ್ನು ಸ್ಪೀಕರಿಗೆ ಹಾಕಿ ಅಮೆರಿಕದ ಬೆಲ್ ಲ್ಯಾಬ್ಸ್‌ನ ಆಲ್ಬರ್ಟ್ ಥುರಾಸ್ 1932ರಲ್ಲಿ ಪೇಟೆಂಟ್ ಪಡೆದರು. ಯಾವ ವೂಫರಿಗೆ ಎಷ್ಟು ಲೀಟರಿನ ಪೆಟ್ಟಿಗೆ ಅನ್ನುವ ಲೆಕ್ಕ ಮಾತ್ರ ಗಟ್ಟಿಯಾಗಿ ನಿಂತದ್ದು 1961ರಲ್ಲಿ ಆಸ್ಟ್ರೇಲಿಯಾದ ನೆವಿಲ್ ಥೀಲ್, ಆಮೇಲೆ 1970ರ ದಶಕದಲ್ಲಿ ರಿಚರ್ಡ್ ಸ್ಮಾಲ್ ಬರೆದ ಮೇಲೆಯೇ. ಹೊಸ ವೂಫರಿನ ಜೊತೆ ಬರುವ ಚೀಟಿಯಲ್ಲಿ ಎಫ್‌ಎಸ್, ಕ್ಯೂಟಿಎಸ್, ವಿಎಎಸ್ ಅಂತ ವೂಫರಿನ ಗುಣ ಹೇಳುವ ಅಂಕಿಗಳು ಇರುತ್ತವಲ್ಲ, ಅವಕ್ಕೆ ಇವರಿಬ್ಬರ ಹೆಸರೇ. ಆ ಚೀಟಿಯನ್ನು ಎಸೆಯುವವರೇ ಜಾಸ್ತಿ, ಅದು ಬೇರೆ ವಿಷಯ.

ಒಂದು ಲೆಕ್ಕ ಕೊಡುತ್ತೇನೆ, ಪದದ ಗುಣ ನೋಡೋಕೆ ಅನುಕೂಲ. ಒಳಗೆ 50 ಲೀಟರ್ ಜಾಗ ಇರುವ ಪೆಟ್ಟಿಗೆ, ಒಳ ವ್ಯಾಸ 10 ಸೆಂಟಿಮೀಟರ್ ಇರುವ ದುಂಡನೆ ಪೈಪ್. 35 ಹರ್ಟ್ಸ್ ಬೇಕು ಅಂದರೆ ಪೈಪ್ ಸುಮಾರು 31 ಸೆಂಟಿಮೀಟರ್ ಉದ್ದ ಇರಬೇಕು. 30 ಹರ್ಟ್ಸ್ ಬೇಕಾದರೆ ಸುಮಾರು 45. ಅಂದರೆ ಪೈಪ್ ಉದ್ದ ಆದಷ್ಟೂ ಸ್ವರ ಕೆಳಗೆ, ಪೈಪ್ ಅಗಲ ಆದರೆ ಮೇಲೆ, ಪೆಟ್ಟಿಗೆ ದೊಡ್ಡದಾದರೆ ಮತ್ತೆ ಕೆಳಗೆ. ಇದಕ್ಕೆ ನನಗೆ ತೋಚಿದ ಪದ ‘ಶ್ರುತಿ’. ‘ಈ ಪೆಟ್ಟಿಗೆಯ ಶ್ರುತಿ 35’ ಅಂತಲೋ, ಇನ್ನೂ ಸಲೀಸಾಗಿ ‘35ಕ್ಕೆ ಕಟ್ಟಿದ ಪೆಟ್ಟಿಗೆ’ ಅಂತಲೋ ಬರೆಯಬಹುದು. ಘಟ ನುಡಿಸುವವರು ಮಡಕೆಯ ಬಾಯನ್ನು ಹೊಟ್ಟೆಗೆ ಒತ್ತಿ ಸ್ವರ ಇಳಿಸುವುದನ್ನು ಕಂಡವರಿಗೆ ಶ್ರುತಿ ಅಂದರೆ ತಟ್ಟನೆ ಹೊಳೆಯುತ್ತೆ, ಅಲ್ಲಿ ನಡೆಯುವುದೂ ಇದೇ ಹೆಲ್ಮ್‌ಹೋಲ್ಟ್ಸ್ ಕತೆ.

ಆದರೆ ಎರಡು ಅನುಮಾನ ಇವೆ. ಒಂದು, ಸಂಗೀತದಲ್ಲಿ ಶ್ರುತಿ ಅಂದರೆ ಹಾಡುವವರ ಅನುಕೂಲಕ್ಕೆ ತಕ್ಕಂತೆ ಏರಿಸಿ ಇಳಿಸುವಂಥದ್ದು. ಪೆಟ್ಟಿಗೆಯದು ಹಾಗಲ್ಲ, ಕಟ್ಟಿದ ಮೇಲೆ ಮುಗಿಯಿತು. ಎರಡು, ‘ಶ್ರುತಿ ಪೆಟ್ಟಿಗೆ’ ಅನ್ನುವುದು ಆಗಲೇ ಇದೆ! ಸಂಗೀತ ಪಾಠದ ಮನೆಯಲ್ಲಿ ಮೂಲೆಯಲ್ಲಿ ಕೂತು ಒಂದೇ ಸಮ ‘ಸ-ಪ-ಸ’ ಅನ್ನುತ್ತಿರುತ್ತಲ್ಲ, ಅದು. ಹಾಳೆಯಲ್ಲಿ ‘ಶ್ರುತಿ ಪೆಟ್ಟಿಗೆ’ ಅಂತ ಎಲ್ಲಾದರೂ ಬಂದರೆ ಡಿಕ್ಕಿಯಲ್ಲಿ ಹಾರ್ಮೋನಿಯಂ ಇಟ್ಟ ಹಾಗಾಗುತ್ತೆ. ‘ಪೆಟ್ಟಿಗೆಯ ಶ್ರುತಿ’ ಅಂತ ತಿರುಗಿಸಿ ಬರೆದರೆ ಸಾಕು ಅಂತ ನನ್ನ ಅಂದಾಜು. ನೀವೇನಂತೀರಿ?

ಪೋರ್ಟ್ ಅನ್ನುವುದಕ್ಕೆ ‘ಬಾಯಿ’ ಅಂತ ಬರೆದಿದ್ದೇನೆ. ಮೆಶಿನ್ ಅನುವಾದ ‘ಬಂದರು’ ಅಂತ ಕೊಟ್ಟಿತು, ನಗಬೇಡಿ.

ಈಗ ಫಿಲ್ಟರ್. ಇಲ್ಲೇ ಗೋಜಲು ಜಾಸ್ತಿ. ಆಂಪ್ ಮೇಲೆ ‘ಎಲ್‌ಪಿಎಫ್’ ಅಂತ ಅಚ್ಚಾಗಿರುತ್ತೆ, ಅದನ್ನು ನಾವು ಬದಲಿಸೋಕಾಗಲ್ಲ. ಲೋ ಪಾಸ್ ಫಿಲ್ಟರ್. ಅದರಲ್ಲಿರುವ ‘ಲೋ’ ಓದಿದವರು ಇದು ಬೇಸನ್ನು ಕಡಿಮೆ ಮಾಡುವ ಗುಬುಟು ಅಂದುಕೊಳ್ಳುತ್ತಾರೆ, ಅಥವಾ ಜಾಸ್ತಿ ತಿರುಗಿಸಿದರೆ ಜಾಸ್ತಿ ಬೇಸ್ ಅಂದುಕೊಳ್ಳುತ್ತಾರೆ. ಎರಡೂ ಅಲ್ಲ. ವೂಫರಿಗೆ ಎಷ್ಟು ಮೇಲಿನ ಸದ್ದಿನ ತನಕ ಕಳಿಸಬೇಕು ಅನ್ನುವ ಗಡಿ ಅದು. 80ಕ್ಕೆ ಇಟ್ಟರೆ ಅದಕ್ಕಿಂತ ಕೆಳಗಿನದು ದಾಟುತ್ತೆ, ಮೇಲಿನದಕ್ಕೆ ತಡೆ. ಅಂಗಡಿಯ ಹುಡುಗನೊಬ್ಬ ಇದನ್ನು ‘ಕೆಳಗಿಂದು ಪಾಸ್, ಮೇಲಿಂದು ಫೇಲ್’ ಅಂತ ವಿವರಿಸುತ್ತಿದ್ದ. ಇದಕ್ಕಿಂತ ಚೆನ್ನಾಗಿ ಹೇಳೋದು ಕಷ್ಟ. ಆದರೆ ಇಲ್ಲಿ ಫೇಲಾದವರಿಗೂ ಗ್ರೇಸ್ ಮಾರ್ಕ್ಸ್ ಇದೆ ಅನ್ನುವುದನ್ನು ಸೇರಿಸಬೇಕು. ಮಾಮೂಲಿ ಫಿಲ್ಟರಿನಲ್ಲಿ 80ಕ್ಕೆ ಇಟ್ಟಾಗ 80ರ ಸದ್ದೇ 3 ಡೆಸಿಬೆಲ್ ಇಳಿದಿರುತ್ತೆ, ಅಂದರೆ ಶಕ್ತಿಯ ಲೆಕ್ಕದಲ್ಲಿ ಅರ್ಧ. ಅಲ್ಲಿಂದ ಮೇಲಕ್ಕೆ ಗೋಡೆ ಇಲ್ಲ, ಇಳಿಜಾರು ಇದೆ. ‘ಆಕ್ಟೇವಿಗೆ 12 ಡೆಸಿಬೆಲ್’ (ಆಕ್ಟೇವ್ ಅಂದರೆ ಕಂಪನಾಂಕ ಎರಡರಷ್ಟಾಗುವುದು) ಅಂತ ಬರೆದಿದ್ದರೆ 160 ಹರ್ಟ್ಸ್‌ನಲ್ಲಿ ಸುಮಾರು 16ರಲ್ಲಿ ಒಂದು ಪಾಲು ಶಕ್ತಿ ಇನ್ನೂ ವೂಫರಿಗೆ ಹೋಗುತ್ತಿರುತ್ತೆ. 24 ಅಂತಿದ್ದರೆ ಇನ್ನೂರೈವತ್ತರಲ್ಲಿ ಒಂದು ಪಾಲು.

ಇಲ್ಲಿ ನನಗೆ ಖುಷಿ ಕೊಟ್ಟ ಪದ ‘ಸ್ಥಾಯಿ’. ಕಂಪನಾಂಕ ಎರಡರಷ್ಟಾದರೆ ಒಂದು ಸ್ಥಾಯಿ ಏರಿದ ಹಾಗೆ. ಆಕ್ಟೇವಿಗೆ ಕನ್ನಡದಲ್ಲಿ ಹುಡುಕಬೇಕಾದ್ದೇ ಇಲ್ಲ, ತಯಾರಾಗಿ ಕೂತಿದೆ. ‘ಸ್ಥಾಯಿಗೆ 12 ಡೆಸಿಬೆಲ್ ಇಳಿಜಾರು’ ಅಂತ ಬರೆದರೆ ಓದೋಕೂ ಚೆನ್ನಾಗಿದೆ, ತಪ್ಪೂ ಇಲ್ಲ. ಸಂಗೀತ ಗೊತ್ತಿಲ್ಲದವರಿಗೆ ಆಕ್ಟೇವೂ ಗೊತ್ತಿರಲ್ಲ, ಹಾಗಾಗಿ ನಷ್ಟ ಏನಿಲ್ಲ.

ಫಿಲ್ಟರ್ ಅನ್ನುವುದಕ್ಕೆ ಹಿಂದೆ ಯಾರೋ ‘ಸೋಸುಗ’ ಅಂದಿದ್ದರು. ಸೋಸು ನನಗೂ ಇಷ್ಟ. ನೀರು ಸೋಸುತ್ತೇವೆ, ಸೊಪ್ಪೂ ಸೋಸುತ್ತೇವೆ, ಬೇಕಾದ್ದು ಇಟ್ಟುಕೊಂಡು ಬೇಡದ್ದು ತೆಗೆಯುವ ಅರ್ಥ ಎರಡರಲ್ಲೂ ಇದೆ. ಆದರೆ ಕಾಫಿ ಕುಡಿಯುವ ನಾಡಿನಲ್ಲಿ ‘ಫಿಲ್ಟರ್’ ಗೊತ್ತಿಲ್ಲದವರು ಯಾರು? ಅದನ್ನು ಬಿಟ್ಟು ಸೋಸುಗ ಅಂದರೆ ಅಂಗಡಿಯಲ್ಲಿ ಯಾರೂ ಬಾಯಿಗೆ ಹಾಕಿಕೊಳ್ಳಲ್ಲ. ನನ್ನ ಸಲಹೆ: ವಸ್ತು ಫಿಲ್ಟರ್ ಆಗಿಯೇ ಇರಲಿ, ಮಾಡುವ ಕೆಲಸಕ್ಕೆ ಮಾತ್ರ ಕನ್ನಡ ಬರಲಿ. ಕಟ್‌ಆಫ್‌ಗೆ ‘ಗಡಿ’. ಎಲ್‌ಪಿಎಫ್ ವೂಫರಿನ ‘ಮೇಲ್ಗಡಿ’. ಬಾಗಿಲಿನ ಸ್ಪೀಕರಿಗೆ ಹಾಕುವ ಎಚ್‌ಪಿಎಫ್ (ಹೈ ಪಾಸ್ ಫಿಲ್ಟರ್, ಮೇಲಿನದನ್ನು ಮಾತ್ರ ದಾಟಿಸುವುದು) ಆ ಸ್ಪೀಕರಿನ ‘ಕೆಳಗಡಿ’. ಲೋ ಅನ್ನುವುದು ಮೇಲಿನ ಗಡಿ, ಹೈ ಅನ್ನುವುದು ಕೆಳಗಿನ ಗಡಿ ಅನ್ನುವ ಉಲ್ಟಾಪಲ್ಟಾ ಕನ್ನಡದಲ್ಲಿ ಹೇಳಿದ ಕೂಡಲೇ ಬಿಡಿಸಿಕೊಳ್ಳುತ್ತೆ. ಹಾಳೆಯಲ್ಲಿ ಹೀಗೆ ಬರೆದಿದ್ದೇನೆ: ‘ಮೇಲ್ಗಡಿಯನ್ನು 80ರ ಆಸುಪಾಸು ಇಟ್ಟು ಶುರು ಮಾಡಿ. ವಾರ್ತೆ ಓದುವ ಗಂಡಸಿನ ದನಿ ಡಿಕ್ಕಿಯಿಂದ ಬಂದ ಹಾಗೆ ಕೇಳಿಸಿದರೆ ಗಡಿ ಜಾಸ್ತಿ ಮೇಲಿದೆ, ಇಳಿಸಿ.’

ಸಬ್‌ಸೋನಿಕ್ ಫಿಲ್ಟರ್ ಅನ್ನುವ ಇನ್ನೊಂದಿದೆ, ತೀರಾ ಕೆಳಗಿನ ಸದ್ದು ವೂಫರಿಗೆ ಹೋಗದ ಹಾಗೆ ತಡೆಯುವುದು. ಇಂಗ್ಲಿಷಿನಲ್ಲೇ ಸಡಿಲ ಪದ ಅದು. ವಿಮಾನದವರಿಗೆ ಸಬ್‌ಸೋನಿಕ್ ಅಂದರೆ ಸದ್ದಿಗಿಂತ ನಿಧಾನ. ಇಲ್ಲಿ ಕಿವಿಗೆ ಕೇಳದಷ್ಟು ಕೆಳಗಿನದು ಅಂತ ಅರ್ಥ ಮಾಡಬೇಕು, ಆದರೆ ಈ ಗುಬುಟನ್ನು ಕೂರಿಸುವುದು ಸಾಮಾನ್ಯವಾಗಿ 20 ಹರ್ಟ್ಸ್‌ಗಿಂತ ಮೇಲೆ, ಅದು ಕೇಳಿಸುವ ಸದ್ದೇ. ಬಾಯಿ ಇರುವ ಪೆಟ್ಟಿಗೆಗೆ ಇದು ಬೇಕೇ ಬೇಕು. ಪೆಟ್ಟಿಗೆಯ ಶ್ರುತಿಗಿಂತ ಕೆಳಗೆ ಹೋದರೆ ಒಳಗಿನ ಗಾಳಿ ಕೋನಿಗೆ ಹಿಡಿತ ಕೊಡುವುದನ್ನು ಬಿಟ್ಟುಬಿಡುತ್ತೆ. ಕೋನ್ ಸಿಕ್ಕಾಪಟ್ಟೆ ಹೊಡೆದಾಡುತ್ತೆ, ಸದ್ದು ಮಾತ್ರ ಬರಲ್ಲ. 35ಕ್ಕೆ ಕಟ್ಟಿದ ಪೆಟ್ಟಿಗೆಗೆ ಇದನ್ನು 28–30ರ ಹತ್ತಿರ ಇಡುತ್ತಾರೆ. ಮುಚ್ಚಿದ ಪೆಟ್ಟಿಗೆಯಲ್ಲಿ ಈ ಭಯ ಅಷ್ಟಿಲ್ಲ, ಒಳಗೆ ಸಿಕ್ಕಿಕೊಂಡ ಗಾಳಿಯೇ ಕೋನನ್ನು ಹಿಡಿದಿರುತ್ತೆ. ಇದಕ್ಕೆ ‘ವೂಫರಿನ ಕೆಳಗಡಿ’ ಅಂದರೆ ಸಾಕಾ? ಮೇಲ್ಗಡಿ, ಕೆಳಗಡಿ, ನಡುವೆ ಇರುವುದು ವೂಫರಿನ ಸೀಮೆ. ನನಗೆ ಸಾಕು ಅನಿಸುತ್ತೆ.

ಮೂರನೆಯದು ಗೇನ್. ನಿಘಂಟು ತೆಗೆದರೆ ಗಳಿಕೆ, ಲಾಭ. ಕಿರಾಣಿ ಅಂಗಡಿಯ ಲೆಕ್ಕದ ಪುಸ್ತಕ ಅನಿಸುತ್ತೆ. ‘ವರ್ಧನೆ’ ಅನ್ನೋಣ ಅಂದರೆ ಇನ್ನೊಂದು ತಾಪತ್ರಯ. ವರ್ಧಿಸುವುದು ಆಂಪ್ಲಿಫೈಯರ್, ಆದರೆ ನಾವು ‘ಧ್ವನಿವರ್ಧಕ’ ಅನ್ನುವ ಪದವನ್ನು ಆಗಲೇ ಲೌಡ್‌ಸ್ಪೀಕರಿಗೆ ಕೊಟ್ಟು ಕೂತಿದ್ದೇವೆ. ರಾತ್ರಿ 10ರ ನಂತರ ಧ್ವನಿವರ್ಧಕ ಹಾಕಬಾರದು ಅಂತ ಪೊಲೀಸರು ಹೇಳುವುದು ಕಂಬಕ್ಕೆ ಕಟ್ಟಿದ ಹಾರ್ನ್ ನೋಡಿಕೊಂಡು. ಹಳ್ಳಿಯಲ್ಲಂತೂ ಒಟ್ಟು ಸಾಮಾನಿಗೇ ‘ಮೈಕ್ ಸೆಟ್’. ಹಾಗಾಗಿ ವರ್ಧಕದ ದಾರಿ ಮುಚ್ಚಿದೆ, ಆಂಪ್ ಆಂಪ್ ಆಗಿಯೇ ಇರಲಿ.

ಗೇನ್ ವಾಲ್ಯೂಮ್ ಅಲ್ಲ ಅನ್ನುವುದು ತಲೆಗೆ ಹೋಗಬೇಕಾದ ಮಾತು. ಸ್ಟೀರಿಯೋದಿಂದ ಬರುವ ಸಿಗ್ನಲ್ ಒಂದರಲ್ಲಿ 2 ವೋಲ್ಟ್, ಇನ್ನೊಂದರಲ್ಲಿ 4 ವೋಲ್ಟ್. ಅದಕ್ಕೆ ಸರಿಯಾಗಿ ಆಂಪನ್ನು ಹೊಂದಿಸುವುದು ಗೇನ್. ಬೇಸ್ ಬೂಸ್ಟ್ (ಕೆಳಗಿನ ಸದ್ದನ್ನು ಉಬ್ಬಿಸುವ ಗುಬುಟು) ಆಫ್ ಮಾಡಿ, ಗೇನನ್ನು ಪೂರ್ತಿ ಇಳಿಸಿ, ಸ್ಟೀರಿಯೋ ವಾಲ್ಯೂಮನ್ನು ಮುಕ್ಕಾಲು ಭಾಗಕ್ಕೆ ಇಟ್ಟು, ಆಮೇಲೆ ಗೇನನ್ನು ನಿಧಾನವಾಗಿ ಏರಿಸುತ್ತಾ ಹೋಗಬೇಕು. ಸದ್ದು ಒಡೆಯೋಕೆ ಶುರುವಾದ ಕಡೆ ನಿಲ್ಲಿಸಿ ಒಂಚೂರು ಹಿಂದಕ್ಕೆ ಬರಬೇಕು. ಈ ಕೆಲಸಕ್ಕೆ ‘ಹದ’ ಅನ್ನುವ ಪದ ಅಚ್ಚುಕಟ್ಟಾಗಿ ಕೂರುತ್ತೆ. ಪಾಕಕ್ಕೆ, ಮಣ್ಣಿಗೆ, ಮಾತಿಗೆ ಎಲ್ಲದಕ್ಕೂ ನಾವು ಹದ ಅನ್ನುತ್ತೇವೆ. ಹೆಚ್ಚು ಅಂದರೆ ಒಳ್ಳೆಯದು ಅನ್ನುವ ಅರ್ಥ ಅದರಲ್ಲಿ ಇಲ್ಲವೇ ಇಲ್ಲ, ಗೇನ್ ವಿಷಯದಲ್ಲಿ ಬೇಕಾದ್ದು ಅದೇ ಅಲ್ವಾ? ‘ಗೇನ್ ಹದ ಮಾಡಿ’ ಅಂತ ಬರೆದಿದ್ದೇನೆ. ಕ್ಲಿಪ್ಪಿಂಗ್‌ಗೆ ‘ಒಡೆಯುವುದು’. ‘ಸೌಂಡ್ ಒಡೀತಿದೆ’ ಅಂತ ಜನ ಈಗಲೇ ಹೇಳುತ್ತಾರೆ, ಹೊಸದೇನೂ ಹುಟ್ಟಿಸಬೇಕಿಲ್ಲ. ಬೇಸ್ ಬೂಸ್ಟ್ ಬಗ್ಗೆ ಒಂದೇ ಸಾಲು: 6 ಡೆಸಿಬೆಲ್ ಏರಿಸಿದರೆ ಆ ಜಾಗದಲ್ಲಿ ಆಂಪ್ ನಾಲ್ಕರಷ್ಟು ಶಕ್ತಿ ಕೊಡಬೇಕು, 12 ಏರಿಸಿದರೆ ಹದಿನಾರರಷ್ಟು.

ಫೇಸ್ ಸ್ವಿಚ್‌ಗೆ ‘ಸೀದಾ–ಉಲ್ಟಾ’ ಅಂತ ಹಾಕಿದ್ದೇನೆ. ಫೇಸ್ ಅಂದರೆ ನಮ್ಮ ಕಡೆ ತ್ರೀ ಫೇಸ್ ಕರೆಂಟು ನೆನಪಾಗುತ್ತೆ, ಪಂಪ್‌ಸೆಟ್ ಓಡುತ್ತಾ ಅಂತ ಕೇಳಿಯಾರು. ಬಾಗಿಲ ಸ್ಪೀಕರ್ ಮುಂದಕ್ಕೆ ತಳ್ಳುವಾಗ ವೂಫರ್ ಹಿಂದಕ್ಕೆ ಎಳೆದರೆ ಗಡಿಯ ಹತ್ತಿರದ ಬೇಸ್ ಸೊರಗುತ್ತೆ. ಎರಡೂ ಕಡೆ ಹಾಕಿ ನೋಡಿ ಯಾವುದರಲ್ಲಿ ತುಂಬಿ ಬರುತ್ತೋ ಅದನ್ನು ಇಟ್ಟುಕೊಳ್ಳಬೇಕು, ಅಷ್ಟೇ.

ಅಂದಹಾಗೆ ‘ಬೇಸ್’ ಬರೆಯುವ ಬಗೆ. ತಳ ಅನ್ನುವ ಬೇಸೂ ಇದೇ, ಸಂಗೀತದ ಬೇಸೂ ಇದೇ. ಬಳ್ಳಾರಿ, ರಾಯಚೂರು ಕಡೆಯವರಿಗೆ ‘ಬೇಸು’ ಅಂದರೆ ಚೆನ್ನಾಗಿದೆ ಅಂತ. ಆ ಕಡೆಯ ಗಿರಾಕಿ ‘ಬೇಸ್ ಬೇಸೈತಿ’ ಅಂದರೆ ಹಾಳೆಯ ಕೆಲಸ ಮುಗಿದ ಹಾಗೆ. ‘ಮಂದ್ರ’ ಅನ್ನೋಣ ಅಂತ ಕೆಲವರು ಹೇಳುತ್ತೀರಿ, ಗೊತ್ತು. ಆದರೆ ಮಂದ್ರ ಅಂದರೆ ಹಾಡುವವರ ಕೆಳಗಿನ ಸ್ಥಾಯಿ, 40 ಹರ್ಟ್ಸ್ ಅದಕ್ಕಿಂತ ಎಷ್ಟೋ ಕೆಳಗೆ. ನಾನು ಒಪ್ಪುವುದಿಲ್ಲ.

ಈಗ ನಿಮ್ಮಿಂದ ಬೇಕಾದ್ದು. ಶ್ರುತಿ, ಗಡಿ, ಹದ ಈ ಮೂರರ ಬಗ್ಗೆ ಒಪ್ಪಿಗೆಯೋ ತಕರಾರೋ ತಿಳಿಸಿ. ಅದಕ್ಕಿಂತ ಮುಖ್ಯವಾಗಿ, ಸದ್ದಿನ ಗುಣ ಹೇಳುವ ಪದಗಳು ಬೇಕು. ಇಂಗ್ಲಿಷಿನಲ್ಲಿ ‘ಬೂಮಿ’ ಅನ್ನುವುದಕ್ಕೆ ನಾನು ‘ಗುಂಯ್‌ಗುಡುವ’ ಅಂತ ಬರೆದಿದ್ದೇನೆ, ಯಾವ ಹಾಡು ಹಾಕಿದರೂ ಒಂದೇ ಸ್ವರ ಉಬ್ಬಿ ಉಳಿದದ್ದು ಮುಳುಗುವ ಸದ್ದು. ಪೆಟ್ಟಿಗೆಯ ಶ್ರುತಿ ಮೇಲಿದ್ದಾಗ ಅಥವಾ ಮೇಲ್ಗಡಿ ಏರಿದ್ದಾಗ ಹೀಗಾಗುತ್ತೆ. ಮುಚ್ಚಿದ ಕಾರಿನ ಒಳಗೆ ಕೆಳಗಿನ ಸದ್ದು ತಾನಾಗಿಯೇ ಏರುವುದೂ ಇದಕ್ಕೆ ಸೇರಿಕೊಳ್ಳುತ್ತೆ. ಇದಕ್ಕೆ ಎದುರಾದ ‘ಟೈಟ್’ಗೆ ಏನನ್ನಲಿ? ‘ಬಿಗಿ’ ಅಂದರೆ ಸ್ಕ್ರೂ ಬಿಗಿ ಅಂದುಕೊಳ್ಳುತ್ತಾರೆ. ದಪ್ ಅಂತ ಹೊಡೆದು ಅಲ್ಲೇ ನಿಲ್ಲುವ ಸದ್ದು ಅದು, ಬಾಲ ಬಿಡುವುದಿಲ್ಲ. ಮೃದಂಗ, ಡೊಳ್ಳು, ಚೆಂಡೆ ನುಡಿಸುವವರು, ಮೈಕ್ ಸೆಟ್ ಇಟ್ಟವರು ಈ ಬಳಗದಲ್ಲಿ ಯಾರಾದರೂ ಇದ್ದರೆ, ಅಥವಾ ಅಂಥವರು ನಿಮಗೆ ಗೊತ್ತಿದ್ದರೆ, ಅವರ ಬಾಯಲ್ಲಿ ಇದಕ್ಕೆ ಯಾವ ಮಾತು ಬರುತ್ತೆ ಅಂತ ಕೇಳಿ ಬರೆಯಿರಿ. ಯಾವ ಊರಿನ ಮಾತು ಅನ್ನುವುದನ್ನೂ ಜೊತೆಗೆ ಹಾಕಿ.