ಪದ ಬೇಕಿದೆ: ಹಳೆಯ ಕಾರಿಗೆ ಬೇರೆ ಎಂಜಿನ್ ಹಾಕಿಸುವುದಕ್ಕೆ ಏನೆನ್ನಬೇಕು?

ಪದಚರ್ಚೆಯ ಬಳಗದ ಹಿರಿಯರಿಗೆ ಶಿವಮೊಗ್ಗದಿಂದ ನಮಸ್ಕಾರ.

ಅಜ್ಜನ ಅಂಬಾಸಿಡರ್ ಮಾರ್ಕ್ 4 ತೀರ್ಥಹಳ್ಳಿಯ ಮನೆಯ ಕೊಟ್ಟಿಗೆಯಲ್ಲಿ ಅಡಿಕೆ ಚೀಲಗಳ ನಡುವೆ ನಿಂತಿದೆ. ಅದನ್ನು ಮತ್ತೆ ರಸ್ತೆಗೆ ಇಳಿಸುವ ಆಸೆ. ಈ ಕೆಲಸಕ್ಕೆ ನಾನು ಹೊಸಬ, ಸ್ಪ್ಯಾನರ್ ಹಿಡಿಯುವುದನ್ನೇ ಈಗ ಕಲಿಯುತ್ತಿದ್ದೇನೆ. ಮೂಲದ 1489 ಸಿಸಿ ಪೆಟ್ರೋಲ್ ಎಂಜಿನ್ನಿನ ಬ್ಲಾಕ್, ಅಂದರೆ ಅದರ ಎರಕದ ಒಡಲು, ಸೀಳಿದೆ. ಅದರ ಜಾಗಕ್ಕೆ ಅಂಬಾಸಿಡರಿನದೇ ನಂತರದ ಮಾದರಿಯೊಂದರ 1817 ಸಿಸಿ ಇಸುಜು ಎಂಜಿನ್ ಹಾಕಿಸಬೇಕೆಂದಿದ್ದೇನೆ.

ಸಾರಿಗೆ ಕಚೇರಿಗೆ ಕನ್ನಡದಲ್ಲೇ ಅರ್ಜಿ ಬರೆಯುತ್ತಿದ್ದೇನೆ. ಇಂಗ್ಲಿಷಿನವರು 'ಎಂಜಿನ್ ಸ್ವಾಪ್' ಎನ್ನುವುದಕ್ಕೆ ಏನು ಬರೆಯಲಿ? 'ವಿನಿಮಯ' ಎಂದರೆ ನನ್ನದನ್ನು ಯಾರಿಗೋ ಕೊಟ್ಟು ಅವರದನ್ನು ತಂದಂತಾಗುತ್ತದೆ. ಸೋಮವಾರ ಅರ್ಜಿ ಕೊಡಬೇಕು, ದಯವಿಟ್ಟು ಬೇಗ ತಿಳಿಸಿ.

ಉತ್ತರ, ಹೊಸನಗರದಿಂದ:

'ಎಂಜಿನ್' ಎಂದು ಬರೆದಾಗಲೇ ಅರ್ಧ ಸೋತಿರಿ. ಅದಕ್ಕೆ 'ಬಿಣಿಗೆ' ಎಂಬ ಪದವನ್ನು ಈಗಾಗಲೇ ಕೆಲವರು ಬಳಸುತ್ತಿದ್ದಾರೆ. ಇನ್ನು 'ಬದಲಾವಣೆ' ಎಂದು ಯಾರಾದರೂ ಹೇಳಿದರೆ ಕೇಳಬೇಡಿ. 'ಬದಲು' ಅರಬ್ಬಿಯಿಂದ ಬಂದದ್ದು. ಮಾರ್ನುಡಿ, ಮಾರ್ದನಿ, ಮಾರ್ಪಾಡುಗಳ 'ಮಾರ್' ನಮ್ಮದೇ ಇರುವಾಗ ಸಾಲವೇಕೆ? 'ಮಾರುಬಿಣಿಗೆ' ಎನ್ನಿ. ಮುಗಿಯಿತು.

ಉತ್ತರ, ಸಾಗರದಿಂದ:

ಮುಗಿಯಲಿಲ್ಲ. ಪತ್ರಿಕೆಗಳು ಹೃದಯ ಕಸಿ, ಮೂತ್ರಪಿಂಡ ಕಸಿ ಎಂದು ದಿನವೂ ಬರೆಯುತ್ತವೆ. ಹಿಪ್ಪಲಿಯ ಬುಡಕ್ಕೆ ಕಾಳುಮೆಣಸು ಕಟ್ಟುವ ನಮ್ಮ ಸೀಮೆಯಲ್ಲಿ 'ಕಸಿ' ಎಂದರೆ ಯಾರಿಗೆ ತಿಳಿಯುವುದಿಲ್ಲ? ಎಂಜಿನ್ ಕಸಿ. ಚಿಕ್ಕದು, ಚೊಕ್ಕದು.

ಉತ್ತರ, ಶಿವಮೊಗ್ಗದಿಂದ:

ನಾನು ಶಿವಮೊಗ್ಗದ ಇನ್ನೊಬ್ಬ. ಹೊಸನಗರದ ಮೇಷ್ಟ್ರೇ, 'ಮಾರುಬಿಣಿಗೆ' ಎಂದು ಬರೆದರೆ ಕಚೇರಿಯ ಗುಮಾಸ್ತರು ಅದನ್ನು ಮಾರಾಟಕ್ಕಿಟ್ಟ ಏನೋ ಒಂದು ಸಾಮಾನು ಎಂದು ಓದುತ್ತಾರೆ. 'ಕಸಿ' ಚೆಂದವಿದೆ, ಪತ್ರಿಕೆಯ ತಲೆಬರಹಕ್ಕೆ ಇಟ್ಟುಕೊಳ್ಳಿ. ಹುಡುಗ ಕೇಳಿದ್ದು ಅರ್ಜಿಗೆ.

ಕೆಲಸ ಮಾಡುವವರ ಬಾಯಲ್ಲಿ ಇದಕ್ಕೆ ಮಾತು ಇಲ್ಲವೆಂದು ನೀವಿಬ್ಬರೂ ಹೇಗೆ ತೀರ್ಮಾನಿಸಿದಿರಿ? ಸಾಗರ ರಸ್ತೆಯ ಆಟೋ ಕಾಂಪ್ಲೆಕ್ಸಿನಲ್ಲಿ ಅರ್ಧ ಗಂಟೆ ನಿಂತು ಕೇಳಿ. ಎಂಜಿನ್ 'ಇಳಿಸುತ್ತಾರೆ', ಅಂದರೆ ಕಾರಿನಿಂದ ಹೊರಗೆ ತೆಗೆಯುತ್ತಾರೆ. ಬಿಚ್ಚಿ ಸರಿಮಾಡಿ 'ಕಟ್ಟುತ್ತಾರೆ'. ಮತ್ತೆ 'ಕೂರಿಸುತ್ತಾರೆ'. ಅದೇ ಎಂಜಿನ್ ಕಟ್ಟಿ ಕೂರಿಸಿದರೆ ಒಂದು ಮಾತು, 'ಬೇರೆ ಎಂಜಿನ್ ಕೂರಿಸಿದೆ' ಎಂದರೆ ಇನ್ನೊಂದು. 'ಬದಲಾವಣೆ' ಸಾಲದು ಎನ್ನುವುದಕ್ಕೆ ನಿಜವಾದ ಕಾರಣ ಇದು, ಅರಬ್ಬಿಯಲ್ಲ. ಅದೇ ಮಾದರಿಯ ಎಂಜಿನ್ ತಂದು ಹಾಕಿದರೂ ಬದಲಾವಣೆಯೇ, ಬೇರೆ ಮಾದರಿಯದನ್ನು ಹಾಕಿದರೂ ಬದಲಾವಣೆಯೇ.

ಈ ಕಾರಿನಲ್ಲಿ ಆ ವ್ಯತ್ಯಾಸ ಸಣ್ಣದಲ್ಲ. ಮಾರ್ಕ್ 4ರ ಗೇರ್ ಹಿಡಿ ಸ್ಟೀರಿಂಗ್ ಪಕ್ಕದಲ್ಲಿದೆ, ನಾಲ್ಕು ಗೇರ್. ಇಸುಜು ಜೊತೆ ಬಂದದ್ದು ಐದು ಗೇರಿನ ಪೆಟ್ಟಿಗೆ, ಹಿಡಿ ನೆಲದ ಮೇಲೆ. ಪೆಟ್ಟಿಗೆಯನ್ನೂ ಹಾಕಿಸುವುದಾದರೆ ನೆಲದ ತಗಡು ಕತ್ತರಿಸಬೇಕು, ಎಂಜಿನ್ ಕೂರುವ ಮೌಂಟ್‌ಗಳನ್ನು ಹೊಂದಿಸಬೇಕು, ಹಿಂದಿನ ಚಕ್ರಗಳಿಗೆ ಬಲ ಒಯ್ಯುವ ಪ್ರೊಪೆಲ್ಲರ್ ಶಾಫ್ಟಿನ ಉದ್ದವನ್ನು ಅಳೆದು ನೋಡಬೇಕು. ರೇಡಿಯೇಟರನ್ನೂ ಮರೆಯಬೇಡಿ, ಆಗುಂಬೆ ಘಾಟಿಯಲ್ಲಿ ನೀರು ಕುದಿಯುತ್ತಾ ನಿಂತರೆ ಯಾವ ನಿಘಂಟೂ ನೆರವಿಗೆ ಬರುವುದಿಲ್ಲ.

ಎಂಜಿನ್ ಸಂಖ್ಯೆ ಒತ್ತಿರುವುದು ಬ್ಲಾಕಿನ ಮೇಲೆ. ಬ್ಲಾಕ್ ಹೋದರೆ ಸಂಖ್ಯೆಯೂ ಹೋಯಿತು. ಸಿಸಿಯೂ ಬೇರೆಯಾಯಿತು. ನೋಂದಣಿ ಪತ್ರದಲ್ಲಿ ಇವೆರಡೂ ಇರುತ್ತವೆ. 1988ರ ಮೋಟಾರು ವಾಹನಗಳ ಕಾಯ್ದೆಯ 52ನೇ ಕಲಂ ಇಂಥದ್ದಕ್ಕೇ ಇರುವುದು, ಅಲ್ಲಿಯ ವಿಷಯ 'ಮಾರ್ಪಾಡು'. ಆದ್ದರಿಂದ ಹೀಗೆ ಬರೆಯಿರಿ: 'ವಿಷಯ: ವಾಹನದ ಮಾರ್ಪಾಡಿಗೆ ಅನುಮತಿ ಕೋರಿಕೆ – ಮೂಲ ಎಂಜಿನ್ ತೆಗೆದು ಬೇರೆ ಮಾದರಿಯ ಎಂಜಿನ್ ಅಳವಡಿಸುವ ಬಗ್ಗೆ.' ಕೆಳಗೆ ಎರಡೂ ಎಂಜಿನ್ ಸಂಖ್ಯೆ, ಎರಡೂ ಸಿಸಿ. ಒಪ್ಪಿಗೆ ಸಿಗುವ ಮೊದಲು ತಗಡಿಗೆ ಕತ್ತರಿ ಹಾಕಬೇಡಿ.

ಉತ್ತರ, ಹೊಸನಗರದಿಂದ:

ಒಂದು ಪದ ಕೇಳಿದರೆ ಒಂದು ವಾಕ್ಯ ಕೊಟ್ಟಿದ್ದೀರಿ. ಇದು ಪದಚರ್ಚೆಯೋ ಗ್ಯಾರೇಜೋ? 'ಎಂಜಿನ್ ಕಸಿ' ಅರಿಸಮಾಸ, ಅಂದರೆ ಬೇರೆ ಬೇರೆ ನುಡಿಗಳ ಪದಗಳ ಸಲ್ಲದ ಕೂಡಿಕೆ, ಎಂಬುದನ್ನೂ ದಾಖಲಿಸಿರುತ್ತೇನೆ.

ಉತ್ತರ, ಸಾಗರದಿಂದ:

ವ್ಯಾಕರಣಕಾರ ಕೇಶಿರಾಜ ತಡೆದದ್ದು ಸಂಸ್ಕೃತ–ಕನ್ನಡಗಳ ಕೂಡಿಕೆಯನ್ನು. ಹದಿಮೂರನೆಯ ಶತಮಾನದವನ ಮೇಲೆ ಇಂಗ್ಲಿಷಿನ ಹೊಣೆ ಹೊರಿಸಬೇಡಿ. ರೈಲುಗಾಡಿ, ಪೊಲೀಸ್ ಠಾಣೆ ಎನ್ನುವಾಗ ನಿಮ್ಮ ನಾಲಿಗೆ ತಡವರಿಸುತ್ತದೆಯೇ?

ಶಿವಮೊಗ್ಗದಿಂದ, ಪ್ರಶ್ನೆ ಕೇಳಿದವನು:

ಎಲ್ಲರಿಗೂ ವಂದನೆ. ವಿಷಯದ ಸಾಲನ್ನು ಹಾಗೆಯೇ ಬಳಸಿಕೊಂಡಿದ್ದೇನೆ. ಗೇರ್ ಪೆಟ್ಟಿಗೆಯ ಸಂಗತಿಯನ್ನೂ ಅದೇ ಅರ್ಜಿಯಲ್ಲಿ ಸೇರಿಸುತ್ತೇನೆ.

ಉತ್ತರ, ಹೊಸನಗರದಿಂದ:

'ಅರ್ಜಿ'ಯೂ ಅರಬ್ಬಿಯೇ. 'ಬಿನ್ನಹ' ಎನ್ನಿ.

ಉತ್ತರ, ಶಿವಮೊಗ್ಗದಿಂದ:

ಬಿನ್ನಹ 'ವಿಜ್ಞಾಪನ'ದ ತದ್ಭವ, ಮೇಷ್ಟ್ರೇ. ಅರ್ಜಿ ಎಂದೇ ಕೊಡಲಿ ಬಿಡಿ, ಕಚೇರಿಯ ಕಿಟಕಿಯ ಮೇಲೂ ಹಾಗೆಯೇ ಬರೆದಿದೆ.