ಪೀಣ್ಯದಲ್ಲಿ ಸಿಎನ್‌ಸಿ ಆಪರೇಟರ್‌ಗೆ ಮಾರ್ಕೆಟ್ ರೇಟು ಎಷ್ಟು? ಹೋಲಿಸೋದು ಹೇಗೆ?

ಪೀಣ್ಯ ಶೆಡ್ಡು:
ಎರಡನೇ ಹಂತದಲ್ಲಿ ನನ್ನದೊಂದು ಮಷೀನ್ ಶಾಪ್ ಇದೆ. ನಾಲ್ಕು ಸಿಎನ್‌ಸಿ (ಕಂಪ್ಯೂಟರ್ ನಡೆಸುವ) ಲೇತ್, ಎರಡು ವಿಎಂಸಿ (ಲೋಹ ಕೊರೆಯುವ ಸಿಎನ್‌ಸಿ ಮಷೀನ್), ಒಟ್ಟು 26 ಜನ. ಯುಗಾದಿಯಿಂದ ಈಚೆಗೆ ಮೂವರು ಆಪರೇಟರ್‌ಗಳು ಬಿಟ್ಟು ಹೋದರು. ನಾನು ಕೊಡುತ್ತಿದ್ದದ್ದು 19,500 ಗ್ರಾಸ್ (ಕಡಿತಕ್ಕೆ ಮೊದಲಿನ ಸಂಬಳ), ಎಂಟು ಗಂಟೆ ಶಿಫ್ಟು. ಅವರು ಹೋದ ಕಡೆ 24,000 ಅಂತೆ. ಎಲ್ಲರಿಗೂ 20 ಪರ್ಸೆಂಟ್ ಏರಿಸಿಬಿಡಿ ಅಂತಾರೆ ನಮ್ಮ ಆಡಿಟರು. ಅವರಿಗೇನು, ಹೇಳಿ ಹೋಗ್ತಾರೆ. ಜಾಬ್ ವರ್ಕ್ ಕೊಡುವ ಕಂಪನಿ ಮೂರು ವರ್ಷದಿಂದ ಮಷೀನ್ ಗಂಟೆ ರೇಟು ಒಂದು ರೂಪಾಯಿ ಜಾಸ್ತಿ ಮಾಡಿಲ್ಲ. ನಿಜವಾದ ಮಾರ್ಕೆಟ್ ರೇಟು ತಿಳಿಯೋದು ಹೇಗೆ?

ಹಳೇ ಪರ್ಸನಲ್ ಆಫೀಸರ್:
ಮೊದಲು ನೀವು ಹೇಳಿ. ಆ 24,000 ಎಷ್ಟು ಗಂಟೆಗೆ? ಗ್ರಾಸಾ, ಕೈಗೆ ಬರೋದಾ, ಸಿಟಿಸಿನಾ? ಇದು ಗೊತ್ತಿಲ್ಲದೆ ಹೋಲಿಸಿದರೆ ಸೇರನ್ನೂ ಕೇಜಿಯನ್ನೂ ಒಂದೇ ತಕ್ಕಡಿಗೆ ಹಾಕಿದ ಹಾಗೆ. ಸಿಟಿಸಿ ಅಂದರೆ ಒಬ್ಬನಿಗಾಗಿ ಕಂಪನಿಗೆ ಬೀಳುವ ಒಟ್ಟು ಖರ್ಚು. ಕಂಪನಿ ಕಟ್ಟುವ ಪಿಎಫ್ 12 ಪರ್ಸೆಂಟ್, ಗ್ರಾಚ್ಯುಟಿಗೆ ಬೇಸಿಕ್‌ನ 4.81, ಬೋನಸ್ 8.33, ಎಲ್ಲವನ್ನೂ ಅದರಲ್ಲೇ ತುರುಕಿರುತ್ತಾರೆ. ನೀವು ದೀಪಾವಳಿಗೆ ಬೇರೆ ಕೊಡುವ ಬೋನಸ್ಸು ಅವರ ತಿಂಗಳ ಅಂಕಿಯಲ್ಲೇ ಕೂತಿರುತ್ತದೆ.

ಇನ್ನು, ಹುದ್ದೆಯ ಹೆಸರು ನೋಡಿ ಹೋಲಿಸಬೇಡಿ. ಪೀಸ್ ಕಟ್ಟಿ ಬಟನ್ ಒತ್ತುವವನೂ ಆಪರೇಟರ್, ಡ್ರಾಯಿಂಗ್ ಓದಿ ಆಫ್‌ಸೆಟ್ (ಟೂಲ್ ಅಳತೆಯ ಹೊಂದಾಣಿಕೆ) ಕೊಟ್ಟು ಫಸ್ಟ್ ಪೀಸ್ ಪಾಸ್ ಮಾಡಿಸುವವನೂ ಆಪರೇಟರ್. ಇಂಟರ್‌ವ್ಯೂಗೆ ಬಂದವರ ಪೇ ಸ್ಲಿಪ್ ನೋಡಿ, ಬಾಯಿಮಾತು ಬೇಡ. ಹತ್ತು ಅಂಕಿ ಸಿಕ್ಕರೆ ಚಿಕ್ಕದರಿಂದ ದೊಡ್ಡದಕ್ಕೆ ಬರೆದು ನಡುವಿನದನ್ನು ಹಿಡಿಯಿರಿ. ಸರಾಸರಿ ತೆಗೆದರೆ, ಯಾರೋ ಒಬ್ಬ ಧಾರಾಳಿ 35,000 ಕೊಟ್ಟದ್ದೇ ಲೆಕ್ಕ ಕೆಡಿಸುತ್ತದೆ.

ಸೆಟ್ಟರ್ 41:
ನಾನೂ ಹಾಗೆ ಬಿಟ್ಟು ಹೋದವನೇ. ನಿಮ್ಮ ಶಾಪಿಂದ ಅಲ್ಲ, ಹೆದರಬೇಡಿ. ಆ 24,000 ಹೆಚ್ಚಾಗಿ 12 ಗಂಟೆ ಶಿಫ್ಟಿಗೆ. 26 ದಿನಕ್ಕೆ 312 ಗಂಟೆ, ಗಂಟೆಗೆ ಸುಮಾರು 77 ರೂಪಾಯಿ. ನಿಮ್ಮದು 208 ಗಂಟೆಗೆ 19,500, ಅಂದರೆ ಹತ್ತಿರ ಹತ್ತಿರ 94. ನೀವೇ ಜಾಸ್ತಿ ಕೊಡ್ತಿದ್ದೀರಿ! ಆದರೂ ನಾನು ಹೋದೆ. ನೆಲಗದರನಹಳ್ಳಿಯ ನಮ್ಮ ಮನೆ ಓನರ್ ಗಂಟೆ ಲೆಕ್ಕ ಕೇಳುವುದಿಲ್ಲ, ಬಾಡಿಗೆ ಕೇಳುತ್ತಾರೆ.

ಇನ್ನೊಂದು ಕಾರಣವೂ ಇತ್ತು. ಏಳು ವರ್ಷ ದುಡಿದಿದ್ದೆ. ಹೊಸ ಹುಡುಗನನ್ನು ನನಗಿಂತ 1,500 ಜಾಸ್ತಿ ಕೊಟ್ಟು ತಂದರು, ಅವನಿಗೆ ಸೆಟ್ಟಿಂಗ್ ಕಲಿಸಿದ್ದು ನಾನೇ.

ಪೀಣ್ಯ ಶೆಡ್ಡು:
ಹೋದ ಹುಡುಗನಿಗೆ ಫೋನ್ ಮಾಡಿದೆ. ಹೌದು, 12 ಗಂಟೆ. ಸುಮ್ನೆ ಗಾಬರಿಯಾಗಿದ್ದೆ. ಆದರೆ ಒಂದು ಒಪ್ಪಿಕೊಳ್ಳಬೇಕು, ಓಟಿಗೆ (ಓವರ್‌ಟೈಮ್‌ಗೆ) ನಾನು ಸಿಂಗಲ್ ರೇಟೇ ಕೊಡುತ್ತಿದ್ದೆ.

ಹಳೇ ಪರ್ಸನಲ್ ಆಫೀಸರ್:
ಅಲ್ಲೇ ಇದೆ ನೋಡಿ ತೂತು. ಓಟಿಗೆ ಡಬಲ್ ಕೊಡಲೇಬೇಕು, ಅದು ಕಾನೂನು. ನಿಮ್ಮ ಲೆಕ್ಕದಲ್ಲಿ ಗಂಟೆಗೆ 187.50. ತಿಂಗಳಿಗೆ 24 ಗಂಟೆ ಓಟಿ ಮಾಡಿದರೆ 4,500, ಅಲ್ಲಿಗೆ 24,000 ಆಯಿತಲ್ವಾ? ಅಲ್ಲಿ ಅಷ್ಟಕ್ಕೆ 104 ಗಂಟೆ ಹೆಚ್ಚು ದುಡಿಯಬೇಕು. ಇಎಸ್‌ಐ, ಅಂದರೆ ಕಾರ್ಮಿಕರ ಆರೋಗ್ಯ ವಿಮೆ, ಇರುವುದು ತಿಂಗಳ ಸಂಬಳ 21,000 ದಾಟದವರಿಗೆ. ಆ ಮಿತಿಗೆ ಓಟಿ ಹಣ ಸೇರುವುದಿಲ್ಲ, ಆದ್ದರಿಂದ ಹುಡುಗರ ಇಎಸ್‌ಐ ಕಾರ್ಡೂ ಉಳಿಯುತ್ತದೆ. ಗ್ರಾಸ್ ಏರಿಸುವುದಿದ್ದರೆ ಸೆಟ್ಟರ್‌ಗಳಿಗೆ, ಅಂದರೆ ಮಷೀನ್ ಹೊಂದಿಸಿ ಫಸ್ಟ್ ಪೀಸ್ ಪಾಸ್ ಮಾಡಿಸುವವರಿಗೆ, ಏರಿಸಿ. ಅವರು ಹೋದರೆ ಮಷೀನೇ ನಿಲ್ಲುತ್ತದೆ.

ಪೀಣ್ಯ ಶೆಡ್ಡು:
ಸೆಟ್ಟರ್ ಇಬ್ಬರು. ಹಳಬನಿಗೆ ಈಗ 20,800, ಅದನ್ನು 23,500 ಮಾಡೋಣ ಅಂತ. ತೊಡಕು ಏನಂದರೆ ಅವನ ತಾಯಿಗೆ ರಾಜಾಜಿನಗರ ಇಎಸ್‌ಐ ಆಸ್ಪತ್ರೆಯಲ್ಲಿ ಡಯಾಲಿಸಿಸ್ ನಡೆಯುತ್ತಿದೆ. 21,000 ದಾಟಿದರೆ?

ಹಳೇ ಪರ್ಸನಲ್ ಆಫೀಸರ್:
ತಕ್ಷಣ ನಿಲ್ಲುವುದಿಲ್ಲ. ಏಪ್ರಿಲ್‌ನಲ್ಲಿ ಅವನು ಮಿತಿಯೊಳಗಿದ್ದು ಮೇ ತಿಂಗಳಲ್ಲಿ ಏರಿಸಿದರೆ, ಸೆಪ್ಟೆಂಬರ್ 30ರವರೆಗೆ ವಂತಿಗೆ ಕಟ್ಟುತ್ತಲೇ ಇರಬೇಕು. ಆಮೇಲಿನದ್ದನ್ನು ನೀವೇ ತೀರ್ಮಾನಿಸಬೇಡಿ. ಅವನನ್ನು ಕೂರಿಸಿ ಎರಡೂ ಲೆಕ್ಕ ತೋರಿಸಿ. 2,700 ಬೇಡ, ಕಾರ್ಡೇ ಇರಲಿ ಅಂದರೂ ಅನ್ನಬಹುದು.